ನೀರು ಇಬ್ಭಾಗವಾಗುವ ಊರಿನ ಕೂಸು

ಕೂಸು ಹುಟ್ಟಿ ಎರಡನೆಯ ದಿನಕ್ಕೇ ತಮೇಲಿಗೆ ಜೋಲಿಯ ಸಹವಾಸ ಸಾಕುಸಾಕಾಗಿ ಹೋಗಿತ್ತು. ಹೆತ್ತವಳು ಅವನ ಹೆಂಡತಿ ಕುನಾವ. ಅವಳಾದರೂ ಆಗೀಗ ಎದ್ದು ಒಲೆಯ ಹತ್ತಿರ ಕೂರುತ್ತಿದ್ದಳು. ಏಳಬಾರದವನು ಇವನು. ನಮ್ಮ ಕಡೆ ಹಾಗೇ. ಕೂಸಿನ ಹೊಕ್ಕುಳ ಬಳ್ಳಿ ಒಣಗಿ ಬೀಳುವ ತನಕ ಅಪ್ಪನಾದವನು ಮಚ್ಚು ಮುಟ್ಟುವಂತಿಲ್ಲ, ಬಿಲ್ಲು ಎಳೆಯುವಂತಿಲ್ಲ, ಭಾರ ಹೊರುವಂತಿಲ್ಲ, ಕಾಡಿಗೆ ಕಾಲಿಡುವಂತಿಲ್ಲ. ಎಳೆಗೂಸಿನ ಜೀವ ಇನ್ನೂ ಮೈಯಲ್ಲಿ ಸರಿಯಾಗಿ ಕೂತಿರುವುದಿಲ್ಲ ನೋಡಿ. ಅಪ್ಪ ಎಲ್ಲಿಗೆ ಹೊರಟರೆ ಅಲ್ಲಿಗೆ ಅದೂ ಹಿಂದೆಯೇ ಹೊರಡುತ್ತದೆ. ನಡುದಾರಿಯಲ್ಲಿ ತಪ್ಪಿಸಿಕೊಂಡಿತೋ, ಮನೆಯಲ್ಲಿ ಮಲಗಿದ ಕೂಸು ಹಾಲು ಬಿಟ್ಟು, ಸೊರಗಿ, ನಾಲ್ಕು ದಿನಕ್ಕೆ ಹೋಗಿಬಿಡುತ್ತದೆ. ಹಾಗೆ ಹೋದ ಕೂಸುಗಳ ಲೆಕ್ಕ ತಮೇಲಿಯ ಅತ್ತೆ ಮೊರಾವಿಯ ಬಾಯಲ್ಲೇ ಇತ್ತು.

ಊರೆಂದರೆ ಐದು ಗುಡಿಸಲು, ತುಮುಕುಮಾಕ ಬೆಟ್ಟಸಾಲಿನ ನೆತ್ತಿಯ ಮೇಲೆ. ನೆತ್ತಿಯುದ್ದಕ್ಕೂ ಓಡುವ ಏಣಿನ ಉತ್ತರಕ್ಕೆ ಬಿದ್ದ ಮಳೆ ಫ್ರೆಂಚರ ಗಯಾನಾಕ್ಕೆ ಇಳಿಯುತ್ತದೆ, ದಕ್ಷಿಣಕ್ಕೆ ಬಿದ್ದದ್ದು ಬ್ರೆಜಿಲಿಗೆ. ನೀರು ಎಲ್ಲಿ ಇಬ್ಭಾಗವಾಗುತ್ತದೋ ಅದೇ ಗಡಿ ಎಂದು ಎರಡೂ ಸರಕಾರಗಳು ಎಲ್ಲೋ ಮೇಜಿನ ಮುಂದೆ ಕೂತು ತೀರ್ಮಾನ ಮಾಡಿಬಿಟ್ಟಿವೆ. ತೀರ್ಮಾನ ಮಾಡಿದವರಲ್ಲಿ ಒಬ್ಬನಾದರೂ ಒಂದು ಸಲ ಇಲ್ಲಿಗೆ ಬಂದು ಕಣ್ಣಾರೆ ನೋಡಿದ್ದನೇ? ಎಲ್ಲಿಂದ ಬಂತು!

ಆ ಬೆಳಿಗ್ಗೆ ಕುನಾವಳ ತಮ್ಮ ಪರಾಮಿ ಕೆಸರುಗಾಲಲ್ಲೇ ಒಳಗೆ ಬಂದು ಸುದ್ದಿ ಒದರಿದ.

"ಭಾವ, ಹುಟ್ಟು ಬರಿಯೋನು ಬಂದವ್ನೆ. ಕೆಳಗೆ ಮೂರುಬಂಡೆ ಕಡವಿನಾಗೆ ಗುಡಾರ ಹಾಕವ್ನೆ."

ತಮೇಲಿ ಜೋಲಿಯಲ್ಲೇ ಎದ್ದು ಕೂತ. "ಯಾವಾಗ ಬಂದ?"

"ಮೊನ್ನೆ ಮಧ್ಯಾಹ್ನ. ನಾಳಿದ್ದು ಸೂರ್ಯ ನೆತ್ತಿಗೆ ಬರೋ ಹೊತ್ತಿಗೆ ದೋಣಿ ಬಿಡ್ತಾನಂತೆ. ಈ ವರ್ಷ ಹುಟ್ಟಿದ್ದನ್ನ ಈ ವರ್ಷವೇ ಬರೆಸ್ಬೇಕಂತೆ, ತಪ್ಪಿದ್ರೆ ಕಡಲ ತೀರದ ಕೋರ್ಟಿಗೆ ಹೋಗ್ಬೇಕಂತೆ."

"ಮಲಗು," ಎಂದಳು ಮೊರಾವಿ ಒಲೆಯ ಕಡೆಯಿಂದ, ತಿರುಗಿಯೂ ನೋಡದೆ.

"ಅತ್ತೆ, ಒಂದು ಮಾತು..."

"ಮಲಗು ಅಂದ್ರೆ ಮಲಗು. ಹೆತ್ತೋಳೇ ಸುಮ್ನಿದಾಳೆ, ಇವನಿಗೇನು ಬಂತು ರೋಗ!"

ತಮೇಲಿ ಹಲ್ಲು ಕಡಿದ. ಎಂಟು ವರ್ಷದ ಕೆಳಗೆ ಹಿರಿಮಗಳು ತುಕಾನಿ ಹುಟ್ಟಿದಾಗಲೂ ಇದೇ ಜೋಲಿ, ಇದೇ ಅತ್ತೆ, ಇದೇ ಮಾತು. ಆಗ ಅವನು ಬಾಯಿ ಮುಚ್ಚಿಕೊಂಡು ಮಲಗಿದ್ದ. ತನ್ನ ಬದಲು ಚಿಕ್ಕಪ್ಪನನ್ನು ಕಳಿಸಿದ್ದ. ಅಪ್ಪನೇ ಬರಬೇಕು ಎಂದು ಹುಟ್ಟು ಬರೆಯುವ ಗುಮಾಸ್ತ ಅವನನ್ನು ಬಂದ ದಾರಿಗೆ ಅಟ್ಟಿದ್ದ. ಆ ವರ್ಷ ಹಾಗೇ ಕಳೆಯಿತು, ತುಕಾನಿಗೆ ಕಾಗದವಿಲ್ಲದೆ ಹೋಯಿತು. ಹೋದರೆ ಹೋಗಲಿ, ಬೆಟ್ಟದ ಮೇಲೆ ಕಾಗದ ಯಾರು ಕೇಳುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ಹುಡುಗಿ ಆರು ವರ್ಷದವಳಾದಾಗ ಆರು ದಿನ ದೋಣಿ ಹುಟ್ಟುಹಾಕಿ ಅವಳನ್ನು ಕೆಳಗಿನ ಶಾಲೆಗೆ ಕರೆದುಕೊಂಡು ಹೋದ. ಶಾಲೆಯವರು ಬೈಯಲಿಲ್ಲ, ಗದರಲಿಲ್ಲ. ಕಾಗದ ಎಲ್ಲಿ ಎಂದರು. ಇಲ್ಲವೆಂದ. "ಕಾಗದ ಇಲ್ಲ ಅಂದ್ರೆ ಇದು ಯಾವ ದೇಶದ ಮಗು ಅಂತ ನಮಗೆ ಹೇಗೆ ಗೊತ್ತಾಗ್ಬೇಕು?" ಎಂದರು. ತುಕಾನಿ ಹೊಸ ಅಂಗಿ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದಳು. ವಾಪಸು ಬರುವ ಅಷ್ಟೂ ದಿನ ಅವಳು ಒಂದು ಮಾತೂ ಆಡಲಿಲ್ಲ. 

"ಈ ಸಲ ಹೋಗೇ ಹೋಗ್ತೀನಿ," ಎಂದ. "ಇನ್ನೊಂದು ಮಗೂನ ಹಂಗೆ ನಿಲ್ಲಿಸಿ ನೋಡಕ್ಕಾಗಲ್ಲ ನನ್ ಕೈಲಿ."

"ಹೋಗು. ಹೋಗಿ ಕಾಗದ ತಗೊಂಡು ಬಾ. ಆ ಕಾಗದದಾಗೇ ಕೂಸಿನ ಹೆಣ ಸುತ್ತಿ ಹೂಳೋಣಂತೆ."

"ಅವ್ವಾ!" ಎಂದು ಕುನಾವ ಚೀರಿದಳು. ಕೂಸು ಎದ್ದು ಅತ್ತಿತು.

ಮಾತಿಗೆ ಮಾತು ಬೆಳೆದು ಅರ್ಧ ದಿನ ಹಾಳಾಯಿತು. ಕೊನೆಗೆ ಕುನಾವಳೇ ಸಂಕಟ ತಡೆಯಲಾರದೆ ತಾಯಿಯನ್ನು ಕೇಳಿದಳು: "ಅನಿವಾರ್ಯ ಆದ್ರೆ ಅಪ್ಪಂದಿರು ನಡ್ಕೊಂಡು ಹೋಗಿದ್ದೇ ಇಲ್ವೇನವ್ವಾ? ನೆರೆ ಬಂದಾಗ ಏನ್ ಮಾಡ್ತಿದ್ರು?"

ಮುದುಕಿ ಮುಖ ಸಿಂಡರಿಸಿದಳು. ಆಮೇಲೆ ಬೇಡದ ಮನಸ್ಸಿನಿಂದ ಹೇಳಿದಳು. "ಸೇತುವೆ ಹಾಕ್ತಾ ಹೋಗ್ಬೇಕು. ಎಷ್ಟು ಸಣ್ಣ ತೊರೆ ಆಗ್ಲಿ, ನೀರು ಹರೀತಿದ್ರೆ ಒಂದು ಕಡ್ಡಿ ಅಡ್ಡ ಇಡ್ಬೇಕು. ಕೂಸಿನ ಜೀವ ಅದರ ಮೇಲೆ ದಾಟುತ್ತೆ. ದಾರಿ ಕವಲೊಡೆದ ಕಡೆ ಹೋಗದಿರೋ ದಾರಿಗೆ ಸೊಪ್ಪು ಅಡ್ಡ ಹಾಕ್ಬೇಕು. ಕಡ್ಡೀನ ಕಡೀಬಾರ್ದು, ಬಿದ್ದಿರೋದನ್ನ ಕೈಲೇ ಮುರೀಬೇಕು. ಓಡ್ಬಾರ್ದು, ಹಾರ್ಬಾರ್ದು. ಒಂದೇ ಒಂದು ತೊರೆ ಬಿಟ್ರೆ..." ಅಷ್ಟಕ್ಕೇ ನಿಲ್ಲಿಸಿ ಎದ್ದು ಹೋದಳು.

ಮಾರನೆಯ ದಿನ ಬೆಳಕು ಹರಿಯುವ ಮುಂಚೆ ತಮೇಲಿ ಹೊರಟ. ಮಚ್ಚಿಲ್ಲ, ಬಿಲ್ಲಿಲ್ಲ. ಸೊಂಟದಲ್ಲಿ ನಾಲ್ಕು ಮರಗೆಣಸಿನ ರೊಟ್ಟಿ, ಕೈಯಲ್ಲೊಂದು ಹತ್ತಿಯ ಹುರಿ. ಹಾಕಿದ ಸೇತುವೆಗೊಂದರಂತೆ ಅದಕ್ಕೆ ಗಂಟು ಹಾಕುತ್ತಾ ಹೋದರೆ ವಾಪಸು ಬರುವಾಗ ಯಾವುದು ಕೊಚ್ಚಿಹೋಗಿದೆ ಎಂದು ತಿಳಿಯುತ್ತದೆ. ಬರಿಗೈಯ ಮನುಷ್ಯನಿಗೆ ಮೂರುಬಂಡೆ ಒಂದು ಹಗಲಿನ ನಡಿಗೆ. ತನಗೆ ಒಂದೂವರೆ ದಿನವಿದೆ. ಸಾಲದು ಎನ್ನುವುದಕ್ಕೇನೂ ಇರಲಿಲ್ಲ.

ಒಳ್ಳೆಯ ಉಪಾಯವನ್ನೂ ಹೂಡಿದ್ದ. ಏಣಿನ ಮೇಲೇ ನಡೆದರಾಯಿತಲ್ಲ! ನೀರು ಇಬ್ಭಾಗವಾಗುವ ನೆತ್ತಿಯ ಮೇಲೆ ತೊರೆ ಎಲ್ಲಿಂದ ಬರಬೇಕು? ಇದು ತನಗೆ ಎಂಟು ವರ್ಷದ ಹಿಂದೆಯೇ ಯಾಕೆ ಹೊಳೆಯಲಿಲ್ಲವೋ ಎಂದು ತನ್ನನ್ನೇ ಬೈದುಕೊಂಡ.

ನೂರಿನ್ನೂರು ಹೆಜ್ಜೆ ಹೋಗುವುದರೊಳಗೆ ಯಾಕೆ ಹೊಳೆಯಲಿಲ್ಲವೆಂದು ತಿಳಿಯಿತು. ನಮ್ಮ ಏಣು ಒಂದೇ ಸಮನೆ ಓಡುವ ಏಣಲ್ಲ. ಇದ್ದಕ್ಕಿದ್ದಂತೆ ಹತ್ತು ಮನೆಗಳಷ್ಟು ಎತ್ತರದ ಬೋಳು ಬಂಡೆ ಎದ್ದು ನಿಲ್ಲುತ್ತದೆ. ಹತ್ತಲಿಕ್ಕಾಗುವುದಿಲ್ಲ, ಉತ್ತರದ ಮಗ್ಗುಲಿಗೆ ಇಳಿದು ಬಳಸಬೇಕು. ಇಳಿದರೆ ಅಲ್ಲೊಂದು ತೊರೆ. ಮತ್ತೆ ಮೇಲೆ ಹತ್ತಿದರೆ ಹಾವಿಗೂ ನುಸುಳಲಾಗದ ಮುಳ್ಳುಬಿದಿರ ಮೆಳೆ. ಮಚ್ಚಿಲ್ಲದವನು ಅದನ್ನೇನು ಮಾಡಿಯಾನು? ದಕ್ಷಿಣಕ್ಕೆ ಇಳಿಯಬೇಕು. ಅಲ್ಲಿ ಎರಡು ತೊರೆ. ಪ್ರತಿ ತೊರೆಗೂ ಬಗ್ಗು, ಒಣಕಡ್ಡಿ ಹುಡುಕು, ಮುರಿ, ಅಡ್ಡ ಇಡು, ಅಲುಗದಂತೆ ಎರಡೂ ತುದಿಗೆ ಕಲ್ಲು ಒತ್ತು, ಗಂಟು ಹಾಕು. ಎದ್ದು ಹತ್ತು ಮಾರು ಹೋಗುವಷ್ಟರಲ್ಲಿ ಇನ್ನೊಂದು. ಕಾಡಿನಲ್ಲಿ ಕಡ್ಡಿಗೆ ಬರವೇ ಎನ್ನಬೇಡಿ. ಬಿದ್ದದ್ದೆಲ್ಲ ಕೊಳೆತು ಕೈಯಲ್ಲಿ ಪುಡಿಯಾಗುತ್ತಿತ್ತು, ಗಟ್ಟಿಯಾಗಿದ್ದದ್ದೆಲ್ಲ ಮರದ ಮೇಲೇ ಇತ್ತು.

"ನಿನ್ನ ಹೊಟ್ಟೆಯಲ್ಲಿ ಇನ್ನೆಷ್ಟು ನೀರು ಇಟ್ಕೊಂಡಿದ್ದೀಯೋ ಹಾಳು ಬೆಟ್ಟವೇ!" ಎಂದು ಅವನು ಗಟ್ಟಿಯಾಗೇ ಬೈದ. ಮುಂಚೆ ಈ ಬೆಟ್ಟವನ್ನು ನಲವತ್ತು ಸಲವಾದರೂ ಇಳಿದಿದ್ದ. ಒಂದು ತೊರೆಯನ್ನೂ ತೊರೆ ಎಂದು ಎಣಿಸಿದವನಲ್ಲ, ಕಾಲೆತ್ತಿ ದಾಟಿದವನು. ಈಗ ನೋಡಿದರೆ ಬೆಟ್ಟದಲ್ಲಿ ಬೆಟ್ಟಕ್ಕಿಂತ ತೊರೆಯೇ ಹೆಚ್ಚು.

ಮಧ್ಯಾಹ್ನಕ್ಕೆ ಹುರಿಯಲ್ಲಿ ನಲವತ್ತೊಂಬತ್ತು ಗಂಟು ಬಿದ್ದಿತ್ತು, ದಾರಿ ಮೂರರಲ್ಲೊಂದು ಪಾಲೂ ಸವೆದಿರಲಿಲ್ಲ. ಐವತ್ತನೆಯದು ಎಲೆಗಳ ಅಡಿಯಲ್ಲಿ ಬೆರಳಗಲಕ್ಕೆ ಹರಿಯುತ್ತಿದ್ದ ನೀರು. ತೊರೆ ಎನ್ನಲು ನಾಚಿಕೆಯಾಗಬೇಕು. ತಮೇಲಿಗೆ ಮೈಯೆಲ್ಲ ಉರಿದುಹೋಯಿತು. "ಇದಕ್ಕೂ ಸೇತುವೆಯಂತೆ, ಸೇತುವೆ!" ಎಂದು ಉಗಿದು, ದಾಟಿ, ದಡದಡನೆ ನಡೆದುಬಿಟ್ಟ.

ಒಂದು ತಿರುವು ದಾಟಿದ. ಎರಡನೆಯ ತಿರುವಿನಲ್ಲಿ ಕಾಲು ಮುಂದಕ್ಕೆ ಹೋಗಲೊಲ್ಲದು. ಎರಡು ದಿನದ ಕೂಸು. ಅದರ ಅಂಗಾಲು ಅವನ ಹೆಬ್ಬೆರಳಿನಷ್ಟೂ ಉದ್ದವಿರಲಿಲ್ಲ. ಅದಕ್ಕೆ ಆ ಬೆರಳಗಲದ ನೀರೇ ಹೊಳೆಯಲ್ಲವೇ? ಆಚೆ ದಡದಲ್ಲಿ ನಿಂತುಕೊಂಡು, ಅಪ್ಪ ಹೋದ ಕಡೆಗೇ ನೋಡುತ್ತಾ... ಥೂ ನನ್ನ ಜನ್ಮಕ್ಕೆ, ಎಂದುಕೊಂಡು ತಮೇಲಿ ವಾಪಸು ಬಂದ. ಕಡ್ಡಿ ಇಟ್ಟ. ಇಟ್ಟ ಮೇಲೆ, ಯಾರೂ ಇಲ್ಲದ ಆ ಜಾಗದಲ್ಲಿ, "ಬಾ, ತಪ್ಪಾಯ್ತು, ಬಾ," ಎಂದ. 

ಸಂಜೆಗೆ ಮಳೆ ಹಿಡಿಯಿತು. ಅವನಿದ್ದದ್ದು ಬೋಳುಬಂಡೆಯ ಒಂದು ಇಳಿಜಾರಿನ ಅಂಚಿನಲ್ಲಿ. ಅದನ್ನು ಅಡ್ಡ ಹಾಯದೆ ಬೇರೆ ದಾರಿಯಿಲ್ಲ. ಬಂಡೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ನೀರು ತೆಳ್ಳಗೆ ಹಾಸಿಕೊಂಡು ಹರಿಯತೊಡಗಿತು. ಇದಕ್ಕೆಲ್ಲಿಂದ ಸೇತುವೆ ಹಾಕುವುದು? ತೊರೆಯಾದರೆ ದಡವಿರುತ್ತದೆ, ಇದಕ್ಕೆ ದಡವೇ ಇಲ್ಲ. ನಾಳೆ ಸೂರ್ಯ ನೆತ್ತಿಗೆ ಬರುವುದರೊಳಗೆ ಅಲ್ಲಿರಬೇಕು, ಇಲ್ಲಿ ಅವನು ಕೈ ಕಟ್ಟಿಕೊಂಡು ಒಂದು ಬಂಡೆಯ ನೀರು ಬಸಿಯುವುದನ್ನು ಕಾಯಬೇಕು. ತಮೇಲಿ ಕೂತ ಕಡೆಯೇ ನೆಲಕ್ಕೆ ಗುದ್ದಿದ. ಅತ್ತೆಯನ್ನು ಬೈದ, ಗುಮಾಸ್ತನನ್ನು ಬೈದ, ಇಲ್ಲಿಗೆ ಬಂದು ಗುಡಿಸಲು ಹಾಕಿದ ತಾತನನ್ನೂ ಬಿಡಲಿಲ್ಲ. ಮಳೆ ಬೆಳಗಿನ ಜಾವಕ್ಕೆ ನಿಂತಿತು. ಬಂಡೆ ಬಸಿದು ಏಳು ಸಣ್ಣ ಗೆರೆಗಳಷ್ಟೇ ಉಳಿದಾಗ, ಏಳಕ್ಕೂ ಕಡ್ಡಿ ಇಟ್ಟು ದಾಟಿದ.

ಮೂರುಬಂಡೆಗೆ ಅವನು ಬಂದಾಗ ಗುಡಾರ ಇಳಿಸಿ ಸುತ್ತಿಯಾಗಿತ್ತು. ದೋಣಿಯವನು ಮೋಟಾರಿಗೆ ಎಣ್ಣೆ ಸುರಿಯುತ್ತಿದ್ದ. ಫ್ರೆಂಚ್ ಸರಕಾರದ ಗುಮಾಸ್ತ ಎಲೂಟೇರ್ ಕಡಲ ತೀರದ ಮನುಷ್ಯ, ಸೊಳ್ಳೆ ಕಚ್ಚಿ ಕಚ್ಚಿ ಅವನ ಕುತ್ತಿಗೆಯೆಲ್ಲ ದಡ್ಡುಗಟ್ಟಿತ್ತು. ದಿಬ್ಬ ಇಳಿದು ಬರುತ್ತಿದ್ದ ತಮೇಲಿ ಕಡವಿನ ಹತ್ತಿರದ ಬಚ್ಚಲಿನಂಥ ಕಾಲುವೆಯ ಮುಂದೆ ನಿಂತದ್ದನ್ನೂ, ಬಗ್ಗಿ ಕಡ್ಡಿ ಇಟ್ಟದ್ದನ್ನೂ, ಗಂಟು ಹಾಕಿದ್ದನ್ನೂ ಅವನು ನೋಡುತ್ತಲೇ ಇದ್ದ.

"ಪುಸ್ತಕ ಕಟ್ಟಿಯಾಯ್ತು ಕಣಯ್ಯಾ. ಮುಂದಿನ ವರ್ಷ ಬಾ."

"ಮುಂದಿನ ವರ್ಷ ಆಗಲ್ಲ ಅಂತ ನೀವೇ ಹೇಳ್ತೀರಲ್ಲ ಸ್ವಾಮಿ! ಈ ವರ್ಷದ್ದು ಈ ವರ್ಷವೇ ಅಂತ!" ತಮೇಲಿಯ ದನಿ ಒಡೆಯಿತು. "ಇನ್ನೂ ಸೂರ್ಯ ನೆತ್ತಿಗೆ ಬಂದಿಲ್ಲ. ನೋಡಿ, ಮೇಲೆ ನೋಡಿ."

ಗುಮಾಸ್ತ ಮೇಲೆ ನೋಡಿದ. ಬೆರಳೆರಡರಷ್ಟು ಬಾಕಿಯಿತ್ತು. ಗೊಣಗುತ್ತಾ ಪೆಟ್ಟಿಗೆಯ ಹಗ್ಗ ಬಿಚ್ಚಿ, ಪುಸ್ತಕವನ್ನೂ ಒಂದು ನಕ್ಷೆಯನ್ನೂ ಹೊರಗೆ ತೆಗೆದ.

"ಎಲ್ಲಿ ಹುಟ್ಟಿತು?"

"ನಮ್ಮನೇಲಿ. ಏಣಿನ ಮೇಲೆ."

"ಏಣಿನ ಯಾವ ಕಡೆ?"

"ಅಂಗಳದ ನೀರು ಈ ಕಡೆ ಬರುತ್ತೆ. ಹಿತ್ತಲ ನೀರು ಆ ಕಡೆ ಹೋಗುತ್ತೆ."

ಗುಮಾಸ್ತ ಪೆನ್ನು ಕೆಳಗಿಟ್ಟ. "ತಮಾಷೆ ಮಾಡ್ತಿದ್ದೀಯಾ? ಹೆತ್ತದ್ದು ಎಲ್ಲಿ, ಅಂಗಳದಲ್ಲೋ ಹಿತ್ತಲಲ್ಲೋ?"

ಇಲ್ಲೊಂದು ಸುಳ್ಳು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಬಾಯಿಗೆ ಬರಲಿಲ್ಲ ನೋಡಿ, ಏನು ಮಾಡುತ್ತೀರಿ! "ಹಿತ್ತಲಲ್ಲಿ, ಬಾಳೆಗಿಡದ ಹತ್ರ," ಎಂದುಬಿಟ್ಟ.

"ಹಾಗಾದ್ರೆ ಅದು ಬ್ರೆಜಿಲಿನ ಕೂಸು. ನನ್ನ ಪುಸ್ತಕದಲ್ಲಿ ಜಾಗ ಇಲ್ಲ." ನಕ್ಷೆಯ ಮೇಲೆ ಚುಕ್ಕೆಚುಕ್ಕೆಯ ಗೆರೆಯೊಂದನ್ನು ಬೆರಳಿನಿಂದ ಎಳೆದು ತೋರಿಸಿದ. "ಇದು ಗಡಿ. ನೆಟ್ಟಗಿದೆ, ನೋಡು."

"ನೆಟ್ಟಗಂತೆ!" ತಮೇಲಿಗೆ ರೇಗಿಹೋಯಿತು. ಹುರಿಯನ್ನು ನಕ್ಷೆಯ ಮೇಲೇ ಎಸೆದ. "ನೆಟ್ಟಗಿದ್ದಿದ್ರೆ ನಾನು ನಿನ್ನೆ ರಾತ್ರಿಗೇ ಬಂದು ನಿಮ್ಮ ಗುಡಾರದ ಮುಂದೆ ಮಲಗಿರ್ತಿದ್ದೆ. ಎಣಿಸ್ಕೊಳ್ಳಿ. ನೂರ ಮೂವತ್ತೆಂಟು ತೊರೆ. ನಿಮ್ಮ ಕಾಗದದಾಗೆ ಎಷ್ಟಿವೆ ಹೇಳಿ!"

ಗುಮಾಸ್ತ ನಕ್ಷೆ ನೋಡಿದ. ಒಂಬತ್ತಿದ್ದವು. "ಏನಿದು ಗಂಟು? ದಾರಿಯುದ್ದಕ್ಕೂ ಆ ಕಡ್ಡಿ ಇಡ್ತಾ ಬಂದ್ಯಾ?"

ತಮೇಲಿ ಹೇಳಿದ. ಮೊದಲು ಸಿಟ್ಟಿನಲ್ಲಿ ಶುರುಮಾಡಿದವನು, ಐವತ್ತನೆಯ ತೊರೆಯ ಹತ್ತಿರ ಬರುವಷ್ಟರಲ್ಲಿ ತಲೆ ತಗ್ಗಿಸಿಬಿಟ್ಟಿದ್ದ. ದೋಣಿಯವನೂ ಎಣ್ಣೆಯ ಡಬ್ಬ ಹಿಡಿದುಕೊಂಡೇ ಕೇಳುತ್ತಿದ್ದ.

"ಅಂದ್ರೆ," ಎಂದ ಗುಮಾಸ್ತ, ಕುತ್ತಿಗೆ ಕೆರೆದುಕೊಳ್ಳುತ್ತಾ, "ನಿನ್ನ ಲೆಕ್ಕದಲ್ಲಿ ಈಗ ಕೂಸು ಎಲ್ಲಿದೆ?"

"ಇಲ್ಲೇ. ನನ್ನ ಹಿಂದೆ."

ಗುಮಾಸ್ತ ಅವನ ಹಿಂದಕ್ಕೆ ನೋಡಿದ. ನೋಡಬಾರದೆಂದುಕೊಂಡೂ ನೋಡಿದ. ಆಮೇಲೆ ಒಂದು ಉಸಿರುಬಿಟ್ಟು ಪೆನ್ನು ಎತ್ತಿಕೊಂಡ. "ಇಲ್ಲಿದೆ ಅಂದ ಮೇಲೆ ಈ ಕಡೇದೇ ಆಯ್ತು. ನನಗೂ ಜ್ವರ ಬರೋ ಹಾಗಿದೆ, ಬೇಗ ಹೇಳು. ಗಂಡೋ ಹೆಣ್ಣೋ?"

"ಗಂಡು."

"ಹೆಸರು?"

ತಮೇಲಿ ಬಾಯಿ ತೆರೆದವನು ಹಾಗೇ ನಿಂತ. ಹೆಸರು! ನೂರ ಮೂವತ್ತೆಂಟು ತೊರೆ ದಾಟುವಾಗ ಒಂದು ಸಲವೂ ತಲೆಗೆ ಬಂದಿರಲಿಲ್ಲ. ನಮ್ಮಲ್ಲಿ ಹುಟ್ಟಿದ ವಾರದಲ್ಲಿ ಹೆಸರೆಲ್ಲಿಯದು? ಹೊಕ್ಕುಳು ಬಿದ್ದು, ಕೂಸು ನಗಲು ಶುರುಮಾಡಿದ ಮೇಲೆ ಅಜ್ಜಿ ಕೊಡುತ್ತಾಳೆ. ತೀರಿಹೋದವರ ಹೆಸರುಗಳಲ್ಲಿ ಯಾವುದು ಬಿಡುವಾಗಿದೆ, ಯಾವುದು ಯಾವ ಮನೆಯದು ಎಂದು ಗೊತ್ತಿರುವುದು ಅವಳಿಗೆ. ಬದುಕಿರುವ ಇಬ್ಬರಿಗೆ ಒಂದು ಹೆಸರಿರುವಂತಿಲ್ಲ. ಕೇಳದೆ ಎತ್ತಿಕೊಂಡರೆ ಅದು ಕಳ್ಳತನ, ಯಾರದೋ ಮನೆಯ ಸತ್ತವರು ಬಂದು ಜಗಳಕ್ಕೆ ನಿಲ್ಲುತ್ತಾರೆ.

"ಇನ್ನೂ ಇಟ್ಟಿಲ್ಲ ಸ್ವಾಮಿ. ಜಾಗ ಬಿಟ್ಟು ಬರ್ಕೊಳ್ಳಿ, ಆಮೇಲೆ..."

"ಹೆಸರಿಲ್ಲದೆ ಹೇಗಯ್ಯಾ ಬರೀಲಿ? ನಾಯಿಮರಿ ಅಂತ ಬರೀಲಾ?" ಗುಮಾಸ್ತ ಪುಸ್ತಕ ಮುಚ್ಚಹೊರಟ. "ಸೂರ್ಯ ನೆತ್ತಿಗೆ ಬಂತು, ನೀನೇ ನೋಡು."

ತಮೇಲಿ ಎರಡೂ ಕೈಯಲ್ಲಿ ಪುಸ್ತಕವನ್ನು ಅದುಮಿ ಹಿಡಿದ. ಯಾರನ್ನೂ ಕೇಳದೆ ಕೊಡಬಹುದಾದ ಹೆಸರು, ಯಾವ ಮನೆಯವರೂ ಬಂದು ನಮ್ಮದು ಎನ್ನಲಾರದ ಹೆಸರು, ಅವನ ಬಳಿ ಒಂದೇ ಒಂದಿತ್ತು.

"ತಮೇಲಿ," ಎಂದ. "ತಮೇಲಿ ಅಂತ ಬರೀರಿ."

ಗುಮಾಸ್ತ ಬರೆದ. "ಅಪ್ಪನ ಹೆಸರು?"

ಇದ್ದೊಂದು ಹೆಸರನ್ನು ಆಗಲೇ ಕೊಟ್ಟಾಗಿತ್ತು. ಗುಮಾಸ್ತ ಮತ್ತೆ ಕೇಳಿದ. ಇವನು ಇಲ್ಲವೆಂದು ತಲೆಯಾಡಿಸಿದ. "ಮಗನದೇ ಅಂತ ಬರ್ಕೊಳ್ತೀನಿ," ಎಂದು ಗುಮಾಸ್ತ ಅದನ್ನೇ ಇನ್ನೊಂದು ಸಲ ಗೀಚಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಕಾಗದ ಹರಿದು ಕೈಗಿಟ್ಟು ದೋಣಿ ಹತ್ತಿದ.

ಮಳೆಗೆ ಕೊಚ್ಚಿಹೋಗಿದ್ದ ಸೇತುವೆಗಳನ್ನು ಮತ್ತೆ ಹಾಕುತ್ತಾ ಊರು ಮುಟ್ಟಲು ಎರಡು ದಿನ ಹಿಡಿಯಿತು. ಅಂಗಳಕ್ಕೆ ಬಂದವನು ಮೊದಲು ಕಿವಿಗೊಟ್ಟು ಕೇಳಿದ. ಕೂಸು ಚೀಪುವ ಸದ್ದು. ಆಮೇಲೆ ಒಳಗೆ ಬಂದ.

"ಬಂತು ಸವಾರಿ," ಎಂದಳು ಮೊರಾವಿ. "ಬೆಳಿಗ್ಗೆ ಹೊಕ್ಕುಳು ಬಿತ್ತು. ಹಾಲು ಕುಡೀತಿದೆ. ನಿನ್ನ ಪುಣ್ಯ. ಎಲ್ಲಿ, ಏನು ಬರೆಸ್ಕೊಂಡು ಬಂದೆ?"

ಅವನು ಹೇಳಿದ. ಹೆಸರಿನ ವಿಷಯ ಬಂದಾಗ ದನಿ ತಗ್ಗಿಸಿ, ಬೇಗ ಹೇಳಿ ಮುಗಿಸಿದ.

ಮುದುಕಿ ಬೈಯಲಿಲ್ಲ. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. ಅವಳು ಕಾಗದವನ್ನು ತಿರುವಿ ನೋಡಿದಳು, ಓದಲು ಬರುವವಳ ಹಾಗೆ. ಆಮೇಲೆ ಅದನ್ನು ನೆಲದ ಮೇಲಿಟ್ಟು, ಕೂಸನ್ನು ಎತ್ತಿಕೊಂಡು, ಅದರ ಹಣೆಗೆ ಕೆಂಪು ಬಣ್ಣ ಹಚ್ಚಿದಳು. "ತಮೇಲಿ," ಎಂದು ಕರೆದಳು. ಓ ಎನ್ನಲು ಹೊರಟ ಅವನು ತುಟಿ ಕಚ್ಚಿಕೊಂಡ.

"ಕೊಟ್ಟಿದ್ದು ಕೊಟ್ಟಾಯ್ತು. ವಾಪಸ್ ಇಲ್ಲ," ಎಂದಳು.

"ಮತ್ತೆ ಇವನಿಗೆ?" ಎಂದಳು ಕುನಾವ. "ನೀನೇ ಒಂದು ಕೊಡವ್ವಾ. ಅಷ್ಟೊಂದು ಹೆಸರು ಖಾಲಿ ಬಿದ್ದಿವೆ."

"ಸತ್ತೋರು ಕೂಸಿಗೆ ಒಲೀತಾರೆ ಕಣೇ, ಇಷ್ಟುದ್ದ ಬೆಳೆದ ಕೋಣನಿಗಲ್ಲ." ಮುದುಕಿ ಕೂಸನ್ನು ತಾಯಿಯ ಮಡಿಲಿಗೆ ಹಾಕಿ ಎದ್ದಳು. ಒಲೆಯ ಮೇಲಿಂದ ಮೀನಿನ ಸಾರು ಬಗ್ಗಿಸಿ, ರೊಟ್ಟಿ ಮುರಿದು ಹಾಕಿ, ಬಟ್ಟಲು ಹಿಡಿದುಕೊಂಡು ಅವನ ಮುಂದೆ ನಿಂತಳು. ಏನೆಂದು ಕರೆಯುವುದೆಂದು ಒಂದು ಗಳಿಗೆ ಯೋಚಿಸಿದಳು.

"ತಗೋ, ಉಣ್ಣು," ಎಂದಳು, "ತುಕಾನಿಯಪ್ಪ."

ಮಾರನೆಯ ದಿನದಿಂದ ಐದೂ ಗುಡಿಸಲಿನವರು ಅವನನ್ನು ಹಾಗೇ ಕರೆಯುತ್ತಾರೆ. ಅವತ್ತು ಬಾಗಿಲಲ್ಲಿ ಕೂತಿದ್ದ ತುಕಾನಿ ಅಜ್ಜಿಯ ಬಾಯಲ್ಲಿ ತನ್ನ ಹೆಸರು ಕೇಳಿ ತಿರುಗಿ ನೋಡಿದಳು. ನೋಡಿ, ತಮ್ಮನ ಕಾಗದವನ್ನು ನೆಲದಿಂದ ಎತ್ತಿ, ಮಣ್ಣು ಕೊಡವಿ, ಮಳೆ ತಾಗದ ಹಾಗೆ ಸೂರಿನ ಸಂದಿಗೆ ಸಿಕ್ಕಿಸಿದಳು.